ರಾಜಪಾರ್ಟಿನವನ ನಿದ್ದೆ ಪುಡಿ

ಆದವಾನಿ, 11 ಫೆಬ್ರವರಿ 1957

ನನ್ನ ಪಟ್ಟದ ರಾಣಿ ಗುರುಪಾದಯ್ಯನಿಗೆ ಮಹಾರಾಜ ಹಾಲಸ್ವಾಮಿಯ ಆಜ್ಞೆ ಏನೆಂದರೆ,

ಸೆರಗು ಸರಿಮಾಡಿಕೊಂಡು, ಎರಡೂ ಕಿವಿ ತೆರೆದು ಕೇಳುವಂಥವಳಾಗು! ಹೊಳಗುಂದದ ರಂಗದ ಮೇಲೆ ಆರು ವರ್ಷ ನಾನು ರಾಜಪಾರ್ಟು, ನೀನು ರಾಣಿಪಾರ್ಟು. ನೀನು ಮೀಸೆ ಬೋಳಿಸಿ ಕುಪ್ಪಸ ತೊಟ್ಟು ಬಂದರೆ ಮುಂದಿನ ಸಾಲಿನ ಗೌಡರು ನಿಟ್ಟುಸಿರು ಬಿಡುತ್ತಿದ್ದರು. ನಾನು ಒಮ್ಮೆ ಗರ್ಜಿಸಿದರೆ ಹಿಂದಿನ ಸಾಲಿನ ಕೂಸುಗಳು ಕಿಟಾರನೆ ಅಳುತ್ತಿದ್ದವು. ಅಂಥ ರಾಣಿ ಈಗ ಮದರಾಸಿನ ಆಸ್ಪತ್ರೆಯಲ್ಲಿ ಔಷಧ ಕಲಸುವ ಕಾಂಪೌಂಡರ್! ಅಂಥ ರಾಜ ಈಗ ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿನಲ್ಲಿ ಎಣ್ಣೆ ಮೆತ್ತಿಕೊಂಡ ಫಿಟ್ಟರ್! ಎಲೈ ವಿಧಿಯೇ!

ಇರಲಿ. ವಿಷಯ ಇದು. ಎರಡನೇ ಸೀಸನ್ನೂ ನನಗೆ ರಾತ್ರಿ ಪಾಳಿಯೇ ಬಿತ್ತು. ಮದುವೆಯಾದ ವರ್ಷದಿಂದ ನಾನು ಗೂಬೆ. ಹಗಲು ಮಲಗೋಣವೆಂದರೆ ಮೇಲೆ ತಗಡು ಕಾಯುತ್ತದೆ, ಹೊರಗೆ ಹತ್ತಿ ಬಂಡಿಗಳ ಗದ್ದಲ, ಒಳಗೆ ಅವ್ವನ ಒನಕೆ. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೇ ಜಿನ್ನಿನ ರೋಲರ್ ತಿರುಗುತ್ತದೆ. ದಿನಕ್ಕೆ ಎರಡು ತಾಸು ನಿದ್ದಿ ಬಂದರೆ ದೊಡ್ಡದು. ನಿನ್ನ ಆಸ್ಪತ್ರೆಯಲ್ಲಿ ನಿದ್ದಿ ಬರಿಸುವುದು ಏನಾದರೂ ಇದ್ದರೆ ಕಳಿಸು. ಇಲ್ಲಿಯ ಡಾಕ್ಟರ ಹತ್ತಿರ ಹೋಗಾಕ ನಾಚಿಕಿ. “ರಾಜಪಾರ್ಟಿನವನಿಗೆ ನಿದ್ದಿ ಬರವಲ್ದಂತ” ಅಂತ ಊರೆಲ್ಲಾ ಆಡ್ಕೋತದ.

ಅವ್ವ ಆರಾಮ ಅದಾಳ. ನನ್ನ ಮನೆಯಾಕಿ ಅಂಬಮ್ಮ ಆರಾಮ ಅದಾಳ. ಬೇರೆ ಏನೂ ವಿಶೇಷ ಇಲ್ಲ.

ಇಂತು,
ಹಾಲಸ್ವಾಮಿ


ಮದರಾಸು, 19 ಫೆಬ್ರವರಿ 1957

ಮಹಾರಾಜರ ಪಾದಕ್ಕೆ ರಾಣಿಯ ಶರಣು,

ರಾಣಿಗೆ ಮೊನ್ನೆ ನಾಲ್ಕನೆಯ ಮಗು. ಗಂಡು. ಹಡೆದವಳು ನನ್ನ ಹೆಂಡತಿಯಾದರೂ ಊರವರು ಇನ್ನೂ ನನ್ನನ್ನೇ ಬಾಣಂತಿ ಎಂದು ಆಡಿಕೊಳ್ಳುತ್ತಾರೆಂದು ಕೇಳಿದೆ. ಆಡಿಕೊಳ್ಳಲಿ! ಕುಪ್ಪಸ ತೊಟ್ಟವನಿಗೆ ನಾಲ್ಕು ಮಕ್ಕಳು. ಗದೆ ಹಿಡಿದವನ ಮನೆಯಲ್ಲಿ ಎರಡು ವರ್ಷವಾದರೂ ತೊಟ್ಟಿಲಿಲ್ಲ. ಗರ್ಜನೆ ರಂಗದ ಮೇಲೆ ಮಾತ್ರವೇ, ಪ್ರಭೂ?

ಪಾರ್ಸಲ್‌ನಲ್ಲಿ ಬಿಳಿ ಪುಡಿಯ ಪೊಟ್ಟಣಗಳಿವೆ. ಪಾಳಿ ಮುಗಿಸಿ ಬಂದು, ಉಂಡು, ಒಂದು ಪೊಟ್ಟಣವನ್ನು ಲೋಟ ನೀರಿಗೆ ಹಾಕಿ ಕುಡಿ. ಆನೆ ಕೂಗಿದರೂ ಏಳುವುದಿಲ್ಲ. ಮುಗಿದ ಮೇಲೆ ಬರೆ, ಮತ್ತೆ ಕಳಿಸುತ್ತೇನೆ. ಯಾರು ಕೊಟ್ಟರು ಎಂದು ಮಾತ್ರ ಯಾರಿಗೂ ಹೇಳಬೇಡ. ಕಾರಣ ಕೇಳಬೇಡ.

ನಿನ್ನ,
ಗುರುಪಾದ


ಆದವಾನಿ, 17 ಮಾರ್ಚ್ 1957

ರಾಣೀ,

ನಿನ್ನ ಪುಡಿ ದೇವಲೋಕದ್ದು! ನಾಲಿಗೆಗೆ ಉಪ್ಪುಪ್ಪು, ಹೊಟ್ಟೆಗೆ ಹೋದರೆ ಸಿಹಿ ಕತ್ತಲೆ. ಆರು ತಾಸು ಹೆಣದಂತೆ ಮಲಗುತ್ತೇನೆ. ಮತ್ತೆ ಕಳಿಸು, ಹೆಚ್ಚು ಕಳಿಸು.

ಒಂದು ಪ್ರಶ್ನೆ. ನನ್ನದಲ್ಲ. ನಮ್ಮ ಜಿನ್ನಿನಲ್ಲಿ ಒಬ್ಬ ಫಿಟ್ಟರ್ ಅದಾನ, ಹೆಸರು ಬೇಡ. ಅವನೂ ರಾತ್ರಿ ಪಾಳಿ. ಆಳು ಕಟ್ಟುಮಸ್ತಾಗಿದ್ದಾನೆ, ಮಣಗಟ್ಟಲೆ ತೂಗುವ ಹತ್ತಿಯ ಬೇಲನ್ನು ಒಬ್ಬನೇ ಉರುಳಿಸುತ್ತಾನೆ. ಆದರೆ ಹೋದ ಸೀಸನ್ನಿನಿಂದ ಹೆಂಡತಿಯ ಹತ್ತಿರ ಹೋದರೆ ಅವನ ಮೈ ಅವನ ಮಾತು ಕೇಳುವುದಿಲ್ಲವಂತೆ. ದೀಪ ಹತ್ತುತ್ತದೆ, ಗಾಳಿ ಇಲ್ಲದೇ ಆರುತ್ತದೆ. ಈಗ ಗೋಡೆಗೆ ಮುಖ ಮಾಡಿ ಮಲಗುತ್ತಾನಂತೆ. ಹಗಲು–ರಾತ್ರಿ ಅದಲುಬದಲಾದರೆ ಗಂಡಸಿನೊಳಗಿನ ಗಂಡಸು ಬತ್ತಿಹೋಗುತ್ತಾನೆಯೇ? ಕೇಳಿ ತಿಳಿಸು. ಪಾಪ, ಬಹಳ ಹೆದರಿದ್ದಾನೆ.

ಇಲ್ಲಿ ಅವ್ವನದು ಒಂದು ಹೊಸ ಹಾಡು. “ಎರಡು ವರ್ಷ ಆತು, ಈಕಿ ಹೊಟ್ಟಿ ಬಂಜರ ಹೊಲ. ಬ್ಯಾರೆ ಹುಡುಗಿ ನೋಡ್ತೀನಿ” ಅಂತಾಳ. ಎರಡನೇ ಮದುವೆಗೆ ಈಗ ಕಾಯ್ದೆ ಅಡ್ಡ ಐತವ್ವಾ ಅಂದರೆ, “ಕಾಯ್ದೆ ಕರ್ನೂಲಾಗ ಇರತೈತಿ, ಕುಲ ಮನ್ಯಾಗ ಇರತೈತಿ” ಅಂತಾಳ. ನಕ್ಕು ಬಿಟ್ಟೆ. ಅವ್ವ ಕೊಟ್ರಮ್ಮ ನಿನಗೆ ಗೊತ್ತಲ್ಲ.

ಹಾಲಸ್ವಾಮಿ


ಮದರಾಸು, 23 ಮಾರ್ಚ್ 1957

ಪ್ರಭೂ,

ನಿನ್ನ ಫಿಟ್ಟರ್ ಗೆಳೆಯನ ಸುದ್ದಿ ಓದಿ ನಕ್ಕೂ ನಕ್ಕೂ ಹೊಟ್ಟೆ ಹುಣ್ಣಾಯಿತು. ಬೇಲು ಉರುಳಿಸುವ ಭೂಪ ಹಾಸಿಗೆಯಲ್ಲಿ ಶರಣಾಗತ! ಅವನನ್ನು ನಮ್ಮ ಮುಂದಿನ ಪ್ರಹಸನಕ್ಕೆ ಹಾಕಿಕೊಳ್ಳೋಣ.

ಆದರೂ ಕೇಳಿದೆಯಾದ್ದರಿಂದ ಹೇಳುತ್ತೇನೆ. ಇಲ್ಲಿಯ ಡಾಕ್ಟರರು ಹಾರ್ಮೋನ್ ಎಂಬ ಮಾತು ಆಡುತ್ತಾರೆ. ಗ್ರಂಥಿಗಳಿಂದ ಸೀದಾ ರಕ್ತಕ್ಕೆ ಇಳಿಯುವ ರಸ ಅದು. ಗಂಡಿನ ಗಂಡಸ್ತನವೂ ಅಂಥದೇ ಒಂದು ರಸವಂತೆ. ಮಿದುಳಿನ ನಟ್ಟನಡುವೆ ಜೋಳದ ಕಾಳಿನಷ್ಟು ಇನ್ನೊಂದು ಗ್ರಂಥಿ ಇದೆಯಂತೆ. ಅದಕ್ಕೂ ಗಂಡಸ್ತನಕ್ಕೂ ಏನೋ ನಂಟು ಎಂದು ಕೆಲವರಿಗೆ ಗುಮಾನಿ. ಪೂರ್ತಿ ಗೊತ್ತಿರುವವರು ಯಾರೂ ಇಲ್ಲ. ನನಗೆ ತಿಳಿದಷ್ಟು ಇಷ್ಟೇ: ನಿದ್ದೆಗೆಟ್ಟವನ ರಸ ಬತ್ತುತ್ತದೆ. ಅವನು ಮಲಗಲಿ! ನಿನ್ನ ಪುಡಿಯನ್ನೇ ಅವನಿಗೂ ಕೊಡು. ಕಟ್ಟುಮಸ್ತಾದ ಆಳಾದರೆ ಒಂದರ ಬದಲು ಎರಡು ಪೊಟ್ಟಣ. ಈ ಸಲ ಮೂರು ಪಟ್ಟು ಕಳಿಸಿದ್ದೇನೆ.

ಅವ್ವನ ಹಾಡಿಗೆ ತಾಳ ಹಾಕಬೇಡ. ಅಂಬಮ್ಮನಂಥ ಹೆಣ್ಣು ಸಿಗುವುದಿಲ್ಲ.

ಗುರುಪಾದ


ಆದವಾನಿ, 16 ಏಪ್ರಿಲ್ 1957

ಗುರುಪಾದಾ,

ರಾಜ ರಾಣಿ ಆಟ ಸಾಕು. ಆ ಫಿಟ್ಟರ್ ನಾನೇ.

ಎರಡು ಪೊಟ್ಟಣ ಅಂದಿ. ಎರಡು ತಗೊಂಡೆ. ಆಮ್ಯಾಲೆ ಮೂರು. ಬಂದ ನಿದ್ದಿ ಈಗ ಹೋಗವಲ್ದು. ನಡೀವಾಗೂ ನಿದ್ದಿ, ಮಾತಾಡುವಾಗೂ ನಿದ್ದಿ. ಮಲಗಿದ್ರ ಮಾತ್ರ ಎಚ್ಚರ. ಮುಖ, ಎದಿ, ಬೆನ್ನ ಮ್ಯಾಲೆ ಕೆಂಪು ಗುಳ್ಳೆ ಎದ್ದಾವ. ಉಷ್ಣ ಅಂತಾರ. ನಾಲಿಗಿ ದಪ್ಪ ಆಗೈತಿ. ಉಗಾದಿ ನಾಟಕದಾಗ ನಾನು ಗರ್ಜಿಸಬೇಕಾದ ಕಡೆ ನಿಂತೆ. ಮಾತು ಬರಲಿಲ್ಲ. ಒಂದು ಅಕ್ಷರ ಬರಲಿಲ್ಲ, ಗುರುಪಾದಾ. ಬಾಯಿ ತೆರೆದು ನಿಂತಿದ್ದೆ. ಜನ ಅಭಿನಯ ಅಂತ ತಿಳಿದು ಚಪ್ಪಾಳಿ ಹೊಡೆದರು.

ಹತ್ತಿಯ ರಾಶಿ ಉಸಿರಾಡೋದನ್ನ ಕಂಡೆ. ನಿಜ. ಮೇಲೆ ಕೆಳಗೆ, ಮೇಲೆ ಕೆಳಗೆ. ಅದನ್ನ ನೋಡುತ್ತಾ ಬಲಗೈ ರೋಲರ್ ಹತ್ತಿರ ಹೋದದ್ದು ನನಗ ತಿಳೀಲಿಲ್ಲ. ನನ್ನ ಜೊತೆ ಪಾಳಿ ಮಾಡುವ ದಸ್ತಗಿರಿ ಅಂಗಿ ಹಿಡಿದು ಎಳೆದ. “ಏಮಯ್ಯಾ ರಾಜಾ, ಕೈ ಬ್ಯಾಡಾದ್ರ ನನಗ ಕೊಡೋ, ಆರು ಮಕ್ಕಳ್ನ ಬಡಿಯಾಕ ಎರಡು ಸಾಲವಲ್ವು!” ಅಂದ. ಎಲ್ಲಾರೂ ನಕ್ಕರು. ನಾನೂ ನಕ್ಕೆ. ಆಮ್ಯಾಲೆ ಮೂಲಿಗೆ ಹೋಗಿ ಬೆರಳು ಎಣಿಸಿಕೊಂಡೆ.

ಇನ್ನು ಆ ದೀಪದ ಮಾತು. ಮೊದಲು ಹತ್ತಿಕೊಂಡಾದರೂ ಆರುತ್ತಿತ್ತು. ಈಗ ಹತ್ತೋದೇ ಇಲ್ಲ.

ಅವ್ವ ದೇವನಕೊಂಡದಾಗ ಹುಡುಗಿ ನೋಡ್ಯಾಳ. ಮೇ ಎರಡಕ್ಕ, ಅಕ್ಷಯ ತದಿಗಿ ದಿನ, ಅವರ ಹಿರಿಯರು ಬಂದು ಮಾತು ಮುಗಸ್ತಾರ. ಅಂಬಮ್ಮನ್ನ ಹೊಳಗುಂದದ ತವರಿಗೆ ಕಳಸೋದಂತ. ಬಂಜಿ ಅಂತ ಹೆಸರು ಆಕಿಗೆ. ಆಕಿ ಒಂದು ಮಾತೂ ಆಡಿಲ್ಲ. ನಾನೂ ಆಡಿಲ್ಲ. ನಾನು ಒಂದು ಮಾತು ಆಡಿದ್ರ ಆಕಿ ಉಳೀತಾಳ. ಆ ಮಾತು ಆಡಿದ್ರ ನಾನು ಈ ಊರಾಗ ಹೆಂಗ ತಿರುಗಲಿ?

ಇನ್ನೊಂದು ಉಪಾಯ ನಡಸೀನಿ. ಅದನ್ನ ಹೇಳಂಗಿಲ್ಲ. ಹೇಳಿದ್ರ ಫಲ ಹೋಗತೈತಿ. ಎರಡು ಪೊಟ್ಟಣ ಅಂದಿ, ಎರಡು ತಗೊಂಡೆ. ಇದನ್ನ ಮೊದಲೇ ಬರದೆನೋ ಏನೋ.

ಹೆದರಿಕಿ ಆಗತೈತಿ.

ಹಾ.


ತಂತಿ
ಮದರಾಸು, 20 ಏಪ್ರಿಲ್ 1957

ಪುಡಿ ನಿಲ್ಲಿಸು. ಉಪ್ಪು ತಿನ್ನು. ನೀರು ಕುಡಿ. ಪತ್ರ ಬರುತ್ತಿದೆ.


ಮದರಾಸು, 20 ಏಪ್ರಿಲ್ 1957

ಹಾಲಸ್ವಾಮಿ,

ಔಷಧ ಅಳೆಯುತ್ತಿದ್ದುದನ್ನು ಅರ್ಧಕ್ಕೆ ಬಿಟ್ಟು ನಿನ್ನ ಕಾಗದ ಓದಿದೆ. ನಿನ್ನ ಹೆಸರು ಕಾಣದಂತೆ ಅದರ ಮೇಲೆ ಬೆರಳಿಟ್ಟುಕೊಂಡು ನಮ್ಮ ಆಸ್ಪತ್ರೆಯ ಡಾಕ್ಟರ್ ಆದಿಲಕ್ಷ್ಮಿಯವರ ಮುಂದೆ ನಿಂತೆ. ಗಂಡಸರ ವಿಷಯ, ಹೆಂಗಸಿನ ಮುಂದೆ ಹೇಗೆ ಹೇಳಲಿ ಎಂದು ತೊದಲಿದೆ. “ರೋಗ ಸೀರೆ, ಪಂಚೆ ನೋಡಿ ಬರುವುದಿಲ್ಲ. ಓದಯ್ಯಾ” ಎಂದರು.

ಗುಳ್ಳೆ, ದಪ್ಪ ನಾಲಿಗೆ, ಮರೆವು, ಉಸಿರಾಡುವ ಹತ್ತಿ, ಎಲ್ಲ ಕೇಳಿ ಎರಡೇ ಪ್ರಶ್ನೆ ಕೇಳಿದರು. ಮೊದಲನೆಯದು: “ಅವನು ತಿನ್ನುತ್ತಿರುವುದು ಬ್ರೋಮೈಡ್ ಅಲ್ಲವೇ?” ಹೌದು ಎಂದೆ. ಎರಡನೆಯದು: “ಅವನು ಉಪ್ಪು ತಿನ್ನುತ್ತಾನೆಯೇ?”

ಅದರ ಉತ್ತರ ನಿನ್ನಲ್ಲಿದೆ. ಅವರು ಹೇಳಿದ್ದು ಹೀಗೆ: ನಮ್ಮ ರಕ್ತದಲ್ಲಿ ಉಪ್ಪಿಗೂ ಬ್ರೋಮೈಡಿಗೂ ಇರುವುದು ಒಂದೇ ಪೀಠ. ಊಟದಲ್ಲಿ ಉಪ್ಪು ಬರುತ್ತಿದ್ದರೆ ಬ್ರೋಮೈಡ್ ಮೂತ್ರದಲ್ಲಿ ಇಳಿದುಹೋಗುತ್ತದೆ. ಉಪ್ಪು ಬರದಿದ್ದರೆ ಅದು ಪೀಠ ಬಿಟ್ಟು ಏಳುವುದೇ ಇಲ್ಲ. ದಿನದಿನಕ್ಕೆ ಒಟ್ಟುಗೂಡಿ ಬುದ್ಧಿಯನ್ನು ಕದಡುತ್ತದೆ. ಬೆಳೆಯಲು ಬಿಟ್ಟರೆ ಎಚ್ಚರವೇ ತಪ್ಪುತ್ತದೆ.

ಈಗ ನಾನು ಹೇಳದೇ ಉಳಿಸಿಕೊಂಡದ್ದು. ಆ ಪುಡಿಯನ್ನು ಡಾಕ್ಟರ ಚೀಟಿ ಇಲ್ಲದೆ, ಯಾರನ್ನೂ ಕೇಳದೆ, ಆಸ್ಪತ್ರೆಯ ಜಾಡಿಯಿಂದ ತೆಗೆದು ಕಟ್ಟಿದೆ. ಇನ್ನೊಂದು. ಸೈನ್ಯದ ಪಟಾಲಮ್ಮಿನ ಗಂಡಸರ ಕಾಮ ಅಡಗಿಸಲು ಹಿಂದೆ ಇದನ್ನೇ ಕೊಡುತ್ತಿದ್ದರೆಂದು ಇಲ್ಲಿಯ ಹಳಬರು ಆಡಿದ್ದನ್ನು ಕೇಳಿದ್ದೆ. ಕೇಳಿಯೂ ಕಳಿಸಿದೆ. ನೀನು ನಿದ್ದೆ ಮಾತ್ರ ಕೇಳಿದ್ದೆ. ಗೆಳೆಯನ ಮಾತು ಬಂದಾಗ ನಾನು ನಗುವುದರಲ್ಲಿದ್ದೆ. ಆ ಗೆಳೆಯ ಯಾರೆಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಿತ್ತು. ನಿನ್ನ ಮೊದಲ ತೊಂದರೆ ನಿದ್ದೆಗೇಡಿನದು. ಎರಡನೆಯದು ನನ್ನದು.

“ದೇಹ ತನ್ನ ರಸಗಳನ್ನು ನಿದ್ದೆಯಲ್ಲಿ ಕಾಸಿಕೊಳ್ಳುತ್ತದೆ ಎಂಬುದು ನನ್ನ ಊಹೆ, ಪುಸ್ತಕದಲ್ಲಿ ಹುಡುಕಬೇಡ. ಆದರೆ ಅದು ತಾನಾಗಿ ಬರುವ ರಾತ್ರಿಯ ನಿದ್ದೆಯಾಗಬೇಕು, ಹೊಡೆದು ಕೆಡವಿದ್ದಲ್ಲ” ಎಂದರು ಡಾಕ್ಟರಮ್ಮ.

ಈ ಕಾಗದ ತೆಗೆದುಕೊಂಡು ಇಂದೇ ಅಲ್ಲಿಯ ಡಾಕ್ಟರಲ್ಲಿಗೆ ಹೋಗು. ನಾಚಿಕೆಯನ್ನು ನನ್ನ ಹೆಸರಿಗೆ ಬರೆ. ಉಪ್ಪು ತಿನ್ನುತ್ತೀಯೋ ಇಲ್ಲವೋ? ಬರೆ.

ಗುರುಪಾದ


ಆದವಾನಿ, 27 ಏಪ್ರಿಲ್ 1957

ಗುರುಪಾದಾ,

ತಂತಿ ಬಂತು, ಕಾಗದವೂ ಬಂತು. ಅಂಚಿಯಾಂವ ನರಸಣ್ಣ ಬಾಗಿಲಾಗ ನಿಂತು ತಂತಿ ಅಂದ ಕೂಡ್ಲೆ ಅವ್ವ ಬಾಯಿ ಬಡ್ಕೊಂಡ್ಲು, “ಯಾರು ಹೋದರೋ ಯಪ್ಪಾ!” ಅಂತ. “ಯಾರೂ ಹೋಗಿಲ್ಲಮ್ಮಾ, ನಿನ್ನ ಮಗ ಉಪ್ಪು ತಿನ್ನಬೇಕಂತ” ಅಂದ ನರಸಣ್ಣ. ಓಣಿಯೆಲ್ಲಾ ನಕ್ಕಿತು. ಅಂಬಮ್ಮ ಒಳಬಾಗಿಲಾಗ ನಿಂತಿದ್ಲು. ಆಕಿ ನಗಲಿಲ್ಲ.

ಪುಡಿ ನಿಲ್ಲಿಸೀನಿ. ಉಪ್ಪು ತಿನ್ನಾಕ ಆಗಂಗಿಲ್ಲ. ಯಾಕಂದ್ರ ಈಗ ಹೇಳಿಬಿಡ್ತೀನಿ, ಫಲ ಹೋದರ ಹೋಗಲಿ. ಗಂಡಸ್ತನ ತಿರುಗಿ ಬರಲಿ ಅಂತ ಉರುಕುಂದದ ಈರಣ್ಣಸ್ವಾಮಿಗೆ ಹರಕಿ ಹೊತ್ತು ನಲವತ್ತೊಂದು ದಿನ ಉಪ್ಪು ಬಿಟ್ಟೀನಿ. ಮಾರ್ಚ್ ಇಪ್ಪತ್ತೈದರ ಸೋಮವಾರದಿಂದ. ಮನ್ಯಾಗ ಪಿತ್ತ ಅಂತ ಹೇಳಿ ಸಪ್ಪನ ಅಂಬಲಿ ಕುಡೀತೀನಿ. ಮೇ ನಾಲ್ಕಕ್ಕ ಮುಗೀತೈತಿ. ಇನ್ನೊಂದು ವಾರ.

ನಡುವ ಮುರಿದ್ರ ಸ್ವಾಮಿ ಬಿಡ್ತಾನೇನು? ಮುರೀದಿದ್ರ ನಿನ್ನ ಪುಡಿ ಬಿಡತೈತೇನು? ಮೈ ಒಳಗ ಇಬ್ಬರು ಕುಂತಾರ, ಇಬ್ಬರಿಗೂ ಹೆದರ್ತೀನಿ. ಡಾಕ್ಟರ ಬಾಗಿಲ ತನಕ ಹೋಗಿದ್ದೆ. ಒಳಗ ಪರಿಚಯದವರು ನಾಲ್ಕು ಮಂದಿ ಕುಂತಿದ್ರು. ತಿರುಗಿ ಬಂದೆ.

ದೇವನಕೊಂಡದವರು ಬರಾಕ ಐದು ದಿನ.

ಹಾಲಸ್ವಾಮಿ


ಮದರಾಸು, 29 ಏಪ್ರಿಲ್ 1957

ಹಾಲಸ್ವಾಮಿ,

ನಾನು ಜಂಗಮರ ಮನೆಯಲ್ಲಿ ಹುಟ್ಟಿದವನು, ಆ ಹಕ್ಕಿನಿಂದ ಹೇಳುತ್ತೇನೆ: ಉಪ್ಪು ತಿನ್ನು. ಪಾಪ ತಟ್ಟುವುದಿದ್ದರೆ ನನ್ನ ತಲೆಗೆ ತಟ್ಟಲಿ. ಸ್ವಾಮಿಗೆ ನಾನೇ ಬಂದು ಅಡ್ಡಬೀಳುತ್ತೇನೆ.

ಪುಡಿ ಎಲ್ಲಿಂದ ಬಂತು ಎಂದು ಡಾಕ್ಟರಮ್ಮ ಕೇಳಿದರು. ಹೇಳಿಬಿಟ್ಟೆ. ಬರುವ ಸೋಮವಾರ ವಿಚಾರಣೆ. ಕೆಲಸ ಉಳಿಯುತ್ತದೋ ಇಲ್ಲವೋ ತಿಳಿಯದು. ನಾಲ್ಕು ಮಕ್ಕಳ ಮುಖ ನೋಡಿದರೆ ಅನ್ನ ಇಳಿಯುವುದಿಲ್ಲ. ಹೇಳಿದರೆ ಭಯ ಹೋಗುತ್ತದೆ ಎಂದು ನಾಟಕದಲ್ಲಿ ಬರೆಯುತ್ತಾರೆ. ಸುಳ್ಳು. ಹೋಗುವುದಿಲ್ಲ. ಆದರೂ ಹೇಳು. ನಿನ್ನ ಮೌನದ ದಂಡವನ್ನು ಅಂಬಮ್ಮ ಕಟ್ಟುವುದು ಬೇಡ.

ಗುರುಪಾದ


ಮದರಾಸು, 9 ಮೇ 1957
(ಕಾರ್ಡು)

ಅಕ್ಷಯ ತದಿಗೆ ಕಳೆದು ಒಂದು ವಾರ. ನಿನ್ನಿಂದ ಸುದ್ದಿ ಇಲ್ಲ. ಬಾಗಿಲ ಹೊರಗೆ ಸೈಕಲ್ ನಿಂತರೆ ತಂತಿಯೇನೋ ಎಂದು ಓಡಿಹೋಗಿ ನೋಡುತ್ತೇನೆ. ಇದ್ದೀಯಾ? ಒಂದು ಗೆರೆ ಬರೆ. ಖಾಲಿ ಕಾರ್ಡಾದರೂ ಹಾಕು. ಗು.


ಆದವಾನಿ, 19 ಮೇ 1957

ಗುರುಪಾದಾ,

ಇದ್ದೇನೆ. ಕೈ ಈಗ ಅಷ್ಟು ನಡುಗುವುದಿಲ್ಲ, ಅದಕ್ಕೇ ಬರೆಯಲು ಕೂತೆ.

ಆ ದಿನ ದೇವನಕೊಂಡದಿಂದ ಐದು ಮಂದಿ ಬಂದರು. ಪಡಸಾಲೆಯಲ್ಲಿ ಸಾಲಾಗಿ ಎಲೆ ಹಾಕಿತ್ತು. ಬಡಿಸಲು ಅಂಬಮ್ಮನನ್ನೇ ನಿಲ್ಲಿಸಿದ್ದಳು ಅವ್ವ. ಆಕೆಯ ಟ್ರಂಕು ಬಾಗಿಲ ಹಿಂದೆ ಕಟ್ಟಿಟ್ಟಿತ್ತು. ಎಲೆಯ ತುದಿಗೆ ಮೊದಲು ಬೀಳುವುದು ಉಪ್ಪಲ್ಲವೇ? ಒಬ್ಬೊಬ್ಬರಿಗೇ ಹಾಕುತ್ತಾ ಬಂದವಳು ನನ್ನ ಮುಂದೆ ನಿಂತಳು. “ಅವನಿಗೆ ಪಿತ್ತ, ಹಾಕಬ್ಯಾಡ!” ಎಂದಳು ಅವ್ವ. ಅಂಬಮ್ಮ ಕದಲಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದಳು:

“ಹಾಕಲೇನ್ರಿ?”

ಹರಕೆಗೆ ಎರಡೇ ದಿನ ಉಳಿದಿತ್ತು, ಗುರುಪಾದಾ. ಎರಡೇ ದಿನ! ಆಕೆಯ ಕೈ ನೋಡಿದೆ. ಹೋಗುವವಳ ಕೈ. “ಹಾಕು” ಎಂದೆ. ಬರೀ ಉಪ್ಪನ್ನೇ ಬಾಯಿಗೆ ಹಾಕಿಕೊಂಡು, ಸ್ವಾಮಿಯ ಕೋಪಕ್ಕೆ ಮೇಲಿನ ತಗಡು ಬಿದ್ದರೆ ಬೀಳಲಿ ಎಂದು ಕಣ್ಣು ಮುಚ್ಚಿದೆ. ಬೀಳಲಿಲ್ಲ. ಹೊರಗೆ ಬಂಡಿಯ ಎತ್ತು ಸೆಗಣಿ ಹಾಕಿದ ಸದ್ದು ಕೇಳಿಸಿತು, ಅಷ್ಟೇ.

ಎದ್ದು ನಿಂತೆ. ಸಭೆ ಮುಂದಿದೆ, ಹತ್ತು ಕಣ್ಣು ನನ್ನ ಮೇಲಿವೆ, ಆದರೆ ದನಿ? ಕಾಲು ಭಾಗ ಹೊರಗೆ ಬಂತು. ಹೇಳಿದೆ. ಅವರಲ್ಲಿ ಎಲ್ಲರಿಗಿಂತ ಹಿರಿಯ ಮುದುಕ ಕಿವಿಗೆ ಕೈ ಹಚ್ಚಿ, “ಗಟ್ಟಿ ಹೇಳೋ ತಮ್ಮಾ, ನಾಟಕದಾಗ ಅಷ್ಟು ಒದರ್ತೀಯಂತ, ಮನ್ಯಾಗ ಏನು ಪಿಸಿಪಿಸಿ?” ಎಂದ.

ಒಮ್ಮೆ ಹೇಳಲು ಒಂದು ವರ್ಷ ಬೇಕಾಗಿತ್ತು. ಎರಡನೇ ಸಲ ಹೇಳಬೇಕಾಯಿತು, ಅದೂ ಗಟ್ಟಿಯಾಗಿ!

“ದೋಷ ಆಕಿದಲ್ಲ! ನನ್ನದು! ಒಂದು ವರ್ಷದಿಂದ ನಾನು ಆಕಿಗೆ ಗಂಡನಾಗಿಲ್ಲ!”

ಓಣಿಗೆಲ್ಲಾ ಕೇಳಿತು. ಆಚೆ ಮನೆಯ ಒನಕೆ ನಿಂತಿತು. ಮುದುಕ ಎಲೆ ನೋಡಿದ, ನನ್ನನ್ನು ನೋಡಿದ. “ಇಂಥ ಮಾತು ಹೋಳಿಗಿ ಹಾಕೋಕಿಂತ ಮೊದಲ ಹೇಳಬೇಕಪ್ಪಾ” ಎಂದು ಉಂಡು, ಕೈ ತೊಳೆದು, ಹೋಗುವಾಗ ನನ್ನ ಭುಜ ಮುಟ್ಟಿ ಹೋದ. ಅವ್ವ ಅಂದಿನಿಂದ ನನ್ನೊಡನೆ ಮಾತಾಡಿಲ್ಲ. ಟ್ರಂಕನ್ನು ಅಂಬಮ್ಮ ಆ ಸಂಜೆ ಬಿಚ್ಚಲಿಲ್ಲ. ಮೂರು ದಿನ ಬಿಟ್ಟು ಬಿಚ್ಚಿದಳು.

ಮರುದಿನವೇ ಆಕೆ ನನ್ನನ್ನು ಡಾಕ್ಟರಲ್ಲಿಗೆ ಕರೆದೊಯ್ದಳು. ಆ ಪರಿಚಯದವರು ಅಂದೂ ಕುಂತಿದ್ದರು. ಕುಂತಿರಲಿ. ಉಪ್ಪು, ನೀರು, ವಿಶ್ರಾಂತಿ ಎಂದರು ಡಾಕ್ಟರು. ಗುಳ್ಳೆ ಒಣಗುತ್ತಿವೆ. ಹತ್ತಿ ಸುಮ್ಮನೆ ಬಿದ್ದಿರುತ್ತದೆ, ಉಸಿರಾಡುವುದಿಲ್ಲ. ಫಿಟ್ಟರ್ ಕೆಲಸ ಬಿಟ್ಟುಕೊಟ್ಟು ಹಗಲು ಪಾಳಿಯಲ್ಲಿ ಎಣ್ಣೆ ಹಾಕುವ ಕೆಲಸ ಕೇಳಿಕೊಂಡೆ. ಜಿನ್ನಿನಲ್ಲಿ ನಗುತ್ತಾರೆಂದು ತಿಳಿದಿದ್ದೆ. ನಕ್ಕರು. ಆಮೇಲೆ ರಾತ್ರಿ ಪಾಳಿಯವರು ಒಬ್ಬೊಬ್ಬರಾಗಿ ಬಂದು, ನನ್ನನ್ನು ಹತ್ತಿಯ ಮರೆಗೆ ಕರೆದು, “ಅದು ಹೆಂಗ ಶುರು ಆತಪ್ಪಾ ನಿನಗ?” ಎಂದು ಕೇಳಿದರು. ಇಲ್ಲಿಯವರೆಗೆ ನಾಲ್ವರು. ನಾಲ್ಕನೆಯವನು ದಸ್ತಗಿರಿ.

ಆ ದೀಪದ ಮಾತು ಕೇಳುತ್ತೀ. ಇನ್ನೂ ಇಲ್ಲ. ದಿನ ಹಿಡಿಯುತ್ತದೆ ಎಂದರು ಡಾಕ್ಟರು. ಬರದೆಯೂ ಇರಬಹುದೇ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ನಿನ್ನ ವಿಚಾರಣೆ ಏನಾಯಿತು?

ಹಾಲಸ್ವಾಮಿ

ಗುರುಪಾದಣ್ಣಾ, ಇದು ಅಂಬಮ್ಮ ಬರೆಯುವುದು. ಅವರು ಬರೆದಿಟ್ಟು ಮಲಗಿದರು, ಕಾಗದ ನನ್ನ ಕೈಗೆ ಬಂತು. ನಿಮ್ಮ ಹಳೇ ಕಾಗದಗಳನ್ನೂ ಓದಿದೆ. ನನಗ ಓದಾಕ ಬರತೈತಿ ಅನ್ನೋದು ನಿಮಗಿಬ್ಬರಿಗೂ ಗೊತ್ತಿತ್ತು. ಬೇರೆ ಯಾರೋ ಇರಬೇಕು, ಅದಕ್ಕ ಗೋಡಿಗೆ ಮುಖ ಮಾಡ್ತಾರ ಅಂತ ನಾನು ಒಂದು ವರ್ಷ ಅತ್ತೀನಿ. ಬಂಜಿ ಅಂದಾಗ ನಾನು ಬಂಜಿ ಇದ್ದರೂ ಇರಬಹುದು ಅಂದ್ಕೊಂಡೀನಿ. ಫೆಬ್ರವರಿಯಿಂದ ನೀವಿಬ್ಬರು ನನ್ನ ಸಂಸಾರದ ಬಗ್ಗೆ ಕಾಗದ ಬರ್ಕೊಂಡ್ರಿ. ನನಗ ಒಬ್ಬರೂ ಒಂದು ಗೆರೆ ಬರೀಲಿಲ್ಲ. ಇನ್ನು ಈ ವಿಷಯ ಬರೆಯೋದಿದ್ರ ಮೇಲೆ ನನ್ನ ಹೆಸರು ಬರೀರಿ.

ಉಳಿದ ಪುಡಿ ನಾನೇ ಗಟಾರಕ್ಕ ಸುರುವಿದೆ. ಆದರೂ ಅವರು ಮಲಗಿದ್ರ ನನಗ ನಿದ್ದಿ ಬರೂದಿಲ್ಲ. ಈ ನಿದ್ದಿ ಪುಡಿದೋ, ಅವರದೋ, ಇನ್ನೂ ತಿಳೀವಲ್ದು. ಮಗ್ಗಲಾಗ ಕುಂತು ಅವರ ಎದಿ ಮ್ಯಾಲೆ ಕೈ ಇಟ್ಟು ಉಸಿರು ನೋಡಾಕತ್ತೀನಿ.